ಸೇವಂತಿಗೆ ತಾಗಿದ್ದು ದೃಷ್ಟಿಯಲ್ಲ, ದೀಪ

"ಯಾರದೋ ದೃಷ್ಟಿ ತಾಗ್ಯಾದ್ರಿ, ಮೆಣಸಿನಕಾಯಿ ಇಳಿಸ್ರಿ" ಅಂದರು ಪಕ್ಕದ ಮನೆ ಕಾಕಿ. ಕಲಬುರಗಿಯ ನಮ್ಮ ಅಂಗಳದ ಸೇವಂತಿ ಸೊಂಟದೆತ್ತರ ಬೆಳೆದಿತ್ತು, ದೀಪಾವಳಿ ಕಳೆದರೂ ಒಂದು ಮೊಗ್ಗಿಲ್ಲ. ಗೇಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಅವರೇ ಕಟ್ಟಿ ಹೋದರು. ನಾನು ಒಳಗೆ ಹೋಗಿ ನನ್ನ ತೋಟದ ವಹಿ ತೆಗೆದೆ.

ವಹಿ ಅಂದರೆ ನೂರು ಪುಟದ ನೋಟ್‌ಬುಕ್ಕು. ಬೇವು ಎಂದು ಚಿಗುರಿತು, ಮಿರಗದ ಮಳೆಗೆ ಮಣ್ಣು ಎಷ್ಟು ನೆನೆಯಿತು, ಮೊದಲ ಮೊಗ್ಗು ಯಾವತ್ತು, ಇಷ್ಟೇ. ಒಂದೇ ಕಟ್ಟಳೆ: ತಾರೀಖು ಬರೆಯಬೇಕು, ಹಬ್ಬ ಬರೆಯಬಾರದು. ದೀಪಾವಳಿ ಒಂದು ವರ್ಷ ಅಕ್ಟೋಬರಿನಲ್ಲಿ ಬಂದರೆ ಇನ್ನೊಂದು ವರ್ಷ ನವೆಂಬರಿನಲ್ಲಿ. ಸೇವಂತಿ ಪಂಚಾಂಗ ನೋಡುವುದಿಲ್ಲ.

ಹಿಂದಿನ ಮೂರು ವರ್ಷ ಮೊಗ್ಗು ಕಂಡದ್ದು ಅಕ್ಟೋಬರ್ 11, 14, 9. ಈ ವರ್ಷದ ಪುಟದಲ್ಲಿ ಆಗಸ್ಟ್ 22ರ ಕೆಳಗೆ ನಾನೇ ಗೀಚಿದ್ದೆ: "ಬೀದಿ ಕಂಬಕ್ಕೆ ಬಿಳಿ ಎಲ್‌ಇಡಿ ಬಂತು. ರಾತ್ರಿ ಅಂಗಳದಾಗ ಪೇಪರ್ ಓದಬಹುದು."

ಕಳ್ಳ ಸಿಕ್ಕಿಬಿದ್ದ! ಚಳಿ ಬಿದ್ದರೆ ಸೇವಂತಿ ಅರಳುತ್ತದೆ ಅನ್ನುವವರೇ ಹೆಚ್ಚು. ಅದು ಅಳೆಯುವುದು ರಾತ್ರಿಯ ಉದ್ದವನ್ನು, ರಾತ್ರಿ ಸಾಕಷ್ಟು ಉದ್ದವಾದರೇ ಮೊಗ್ಗು. ಅಮೆರಿಕದಲ್ಲಿ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ವಿಜ್ಞಾನಿಗಳ ಹೊಲದಲ್ಲಿ ಒಂದು ತಂಬಾಕು ತಳಿ ಬೇಸಿಗೆಯಿಡೀ ಎಲೆ ಬಿಡುತ್ತಲೇ ಇತ್ತು, ಹೂವಿಲ್ಲ. ಗೊಬ್ಬರ, ನೀರು, ಶಾಖ ಎಲ್ಲ ಬದಲಿಸಿ ಸೋತು, ಕೊನೆಗೆ ಹಗಲು ಮುಗಿಯುವ ಮುಂಚೆಯೇ ಗಿಡಗಳನ್ನು ಕತ್ತಲ ಗೂಡಿಗೆ ಸೇರಿಸಿದರು. ಹೂ ಬಂತು. 1920ರಲ್ಲಿ ಅದನ್ನು ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್, ಬಾನರ್ ಎಂಬ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಹೋದರು: ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ತೋರಿಸಿದರೂ ಗಿಡದ ಲೆಕ್ಕ ಕೆಡುತ್ತದೆ.

ಹಾಲಿಗೆ ಹೆಪ್ಪು ಹಾಕಿ ನಡುರಾತ್ರಿ ಪಾತ್ರೆ ಅಲುಗಾಡಿಸಿದರೆ ಏನಾಗುತ್ತದೆ? ಹಾಗೆಯೇ. ಅಥವಾ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಎಣಿಸುವ ಹಮಾಲನನ್ನು ಎಪ್ಪತ್ತನೇ ಚೀಲಕ್ಕೆ ಮಾತಾಡಿಸಿದಂತೆ, ಮತ್ತೆ ಒಂದರಿಂದ ಶುರು. ಎಲೆಯೊಳಗಿನ ಫೈಟೋಕ್ರೋಮ್ ಎಂಬ ಪ್ರೋಟೀನು ಕೆಂಪು ಬೆಳಕು ತಾಗಿದೊಡನೆ ರೂಪ ಬದಲಿಸುತ್ತದೆ, ಕತ್ತಲಲ್ಲಿ ಮೆಲ್ಲಗೆ ಹಿಂದಿನ ರೂಪಕ್ಕೆ ಮರಳುತ್ತದೆ. ಬೀದಿದೀಪದ ಬಿಳಿಯಲ್ಲೂ ಕೆಂಪು ಇದ್ದೇ ಇದೆ. ಗಿಡದ ಒಳಗಡಿಯಾರಕ್ಕೆ ರಾತ್ರಿ ಇನ್ನೂ ಬಂದೇ ಇಲ್ಲ ಅಂತ ಸುದ್ದಿ ಮುಟ್ಟುತ್ತದೆ.

ನಮ್ಮೂರು 17 ಡಿಗ್ರಿ ಅಕ್ಷಾಂಶದಲ್ಲಿದೆ. ಜೂನ್ ರಾತ್ರಿಗೂ ಡಿಸೆಂಬರ್ ರಾತ್ರಿಗೂ ಎರಡು ತಾಸಿನಷ್ಟೇ ವ್ಯತ್ಯಾಸ. ಅಷ್ಟರಲ್ಲೇ ಗಿಡ ಋತು ಹಿಡಿಯುತ್ತದೆ. ನಮ್ಮ ನಾಟಿ ತೊಗರಿಯೂ ಹೀಗೆಯೇ ರಾತ್ರಿ ಉದ್ದವಾದಾಗ ಹೂ ಬಿಡುವಂಥದು. ಮಳೆ ಕೈಕೊಟ್ಟು ಬಿತ್ತನೆ ತಡವಾದ ಹೊಲದಲ್ಲಿ ಗಿಡ ಗಿಡ್ಡಗಿರುವಾಗಲೇ ಹೂ ಬಿಡುತ್ತದೆ, ರೈತರಿಗೆ ಇದು ಯಾವ ಪ್ರಯೋಗಶಾಲೆಯೂ ಹೇಳಿಕೊಟ್ಟದ್ದಲ್ಲ.

ಸೇವಂತಿಯ ಕುಂಡವನ್ನು ಹಿತ್ತಲಿಗೆ ಎಳೆದೆ. ಮುಂದಿನ ಸಾಲುಗಳು ಹೀಗಿವೆ:

"ನವೆಂಬರ್ 9. ಹಿತ್ತಲು. ಕಗ್ಗತ್ತಲು."

"ಡಿಸೆಂಬರ್ 6. ತುದಿಯಲ್ಲಿ ಮೊಗ್ಗು, ಜೋಳದ ಕಾಳಿನಷ್ಟು."

ಸಂಕ್ರಾಂತಿ ಹೊತ್ತಿಗೆ ಹಿತ್ತಲೆಲ್ಲ ಹಳದಿ. ಕಾಕಿ ಉಡಿ ತುಂಬ ಬಿಡಿಸಿಕೊಂಡು ಹೋಗುತ್ತ, ಗೇಟಿನ ಒಣ ಮೆಣಸಿನಕಾಯಿಯತ್ತ ಕೈ ತೋರಿಸಿ ನಕ್ಕರು.