ಕೀ ಒತ್ತೋದು ಬೇರೆ, ಅಕ್ಷರ ಹಾಕೋದು ಬೇರೆ: ಕೀಬೋರ್ಡ್ ಎಕ್ಸ್‌ಟೆನ್ಷನ್ ಡಿಸೈನ್ ಟಿಪ್ಪಣಿ

ಹಾಸನದಲ್ಲಿ ನಮ್ ಜೊತೆ ವೆಬ್ ಪ್ರೋಗ್ರಾಮಿಂಗ್ ಕಲೀತಿರೋರಿಗೆ ಬರ್ದಿದ್ದು, ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿದ್ರೆ ಸಾಕು. ಮಾಡ್ಬೇಕಿರೋದು ಏನಂದ್ರೆ ಪೇಜಲ್ಲಿರೋ ಫಾರ್ಮಿಗೆ ನಮ್ ಬದ್ಲು ಟೈಪ್ ಮಾಡೋ ಒಂದು ಬ್ರೌಸರ್ ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರಿಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಂ. ಒಂದು ಬಾಕ್ಸು, ಒಂದು ಬಟನ್ನು, ಬಾಕ್ಸಲ್ಲಿ ಬರ್ದಿದ್ನೆಲ್ಲ ಒಂದೊಂದೇ ಕೀ ಮಾಡಿ ಕಳ್ಸೋದು ಅಂತ ಥಟ್ಟಂತ ಹೊಳಿಯತ್ತೆ, ಆದ್ರೆ ಹಾಗ್ ಮಾಡ್ಬೇಡಿ.

ಯಾಕಂದ್ರೆ ನಾವು ಕೀಬೋರ್ಡ್‌ಇವೆಂಟ್ (ಕೀ ಒತ್ತಿದ್ರು ಅನ್ನೋ ಸೂಚನೆ) ಸೃಷ್ಟಿಸಿ ಡಿಸ್ಪ್ಯಾಚ್‌ಇವೆಂಟ್ ಮೂಲಕ ಕಳ್ಸಿದ್ರೆ ಅದ್ರ ಈಸ್‌ಟ್ರಸ್ಟೆಡ್ (ಬ್ರೌಸರೇ ಹುಟ್ಟಿಸಿದ್ದಾ ಅನ್ನೋ ಗುರುತು) ಫಾಲ್ಸ್ ಆಗಿರತ್ತೆ. ಪೇಜಿನವ್ರು ಬರ್ದಿರೋ ಲಿಸನರ್ (ಇವೆಂಟ್ ಬಂದಾಗ ನಡಿಯೋ ಕೋಡು) ಓಡತ್ತೆ, ಅಂದ್ರೆ ಶಾರ್ಟ್‌ಕಟ್ಟು, ಆರೋ ಕೀ, ಎಂಟರ್ ಒತ್ತಿದ್ರೆ ಹುಡ್ಕೋದು ಇಂಥವು ನಡಿಯುತ್ತೆ, ಆದ್ರೆ ಬಾಕ್ಸಿಗೆ ಒಂದಕ್ಷರಾನೂ ಬೀಳಲ್ಲ, ಆ ಕೆಲ್ಸ ಬ್ರೌಸರಿಂದು, ಅದು ನಿಜವಾದ ಕೀಗೆ ಮಾತ್ರ ಮಾಡತ್ತೆ. ಹಾಗಾಗಿ ಇಂಟರ್ಫೇಸಲ್ಲಿ ಎರಡು ಭಾಗ ಇಡಿ: ‘ಕೀ ಒತ್ತು’, ‘ಪಠ್ಯ ಹಾಕು’.

ಪಠ್ಯ ಹಾಕೋಕೆ ಫೀಲ್ಡಿನ ವ್ಯಾಲ್ಯೂ ಬದಲಾಯಿಸಿ, ಆಮೇಲೆ ಬಬಲ್ ಆಗೋ (ಹೊರಗಿನ ಎಲಿಮೆಂಟ್‌ಗಳಿಗೂ ಏರಿ ಹೋಗೋ) ಇನ್‌ಪುಟ್ ಇವೆಂಟ್ ಕಳ್ಸಿ. ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿರೋ ಪೇಜಾದ್ರೆ ಪ್ರೋಟೋಟೈಪಲ್ಲಿರೋ ಮೂಲ ಸೆಟ್ಟರ್ (ವ್ಯಾಲ್ಯೂ ಬದಲಾಯಿಸೋ ಫಂಕ್ಷನ್) ಕರೀಬೇಕು, ಇಲ್ಲಾಂದ್ರೆ ವ್ಯಾಲ್ಯೂ ಬದಲಾಗಿದ್ದೇ ರಿಯಾಕ್ಟಿಗೆ ತಿಳಿಯಲ್ಲ.

ಕನ್ನಡಕ್ಕಂತೂ ಈ ಎರಡು ಭಾಗ ಬೇಕೇ ಬೇಕು. ಚಿಕ್ಕಮಗಳೂರು ಅನ್ನೋದ್ರಲ್ಲಿ ಕಣ್ಣಿಗೆ ಕಾಣೋದು 6 ಅಕ್ಷರ, ಯೂನಿಕೋಡಲ್ಲಿ 11 ಕೋಡ್ ಪಾಯಿಂಟು (ಒಂದೊಂದು ಚಿಹ್ನೆಗೂ ಕೊಟ್ಟಿರೋ ಸಂಖ್ಯೆ). ಅದ್ರೊಳಗಿನ ಕ್ಕ ಬರೋಕೆ ನುಡಿ ಕೀಲಿಮಣೇಲಿ ಕೆ, ಎಫ್, ಕೆ ಒತ್ತಬೇಕು, ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿಮಣೇಲಿ ಕೆ, ಡಿ, ಕೆ. ಪಠ್ಯ ನೋಡಿ ಯಾವ ಕೀ ಒತ್ತಿದ್ರು ಅಂತ ಹೇಳೋಕೇ ಆಗಲ್ಲ ಅಂದ್ಮೇಲೆ ಕೀಗಳ ಸಾಲು ಊಹಿಸೋದ್ ಯಾಕೆ, ಇಡೀ ಪದಾನ ಒಟ್ಟಿಗೆ ಹಾಕ್ಬಿಡಿ.

‘ಕೀ ಒತ್ತು’ ಭಾಗದಲ್ಲಿ ಕೀ ಹೆಸ್ರು ಟೈಪ್ ಮಾಡಿಸ್ಬೇಡಿ, ‘ರೆಕಾರ್ಡ್’ ಅಂತ ಬಟನ್ ಕೊಡಿ, ಕ್ಲಿಕ್ ಮಾಡಿ ಒಂದ್ ಕೀ ಒತ್ತಿದ್ರೆ ಅದ್ರ ‘ಕೀ’ (ಯಾವ ಅಕ್ಷರ), ‘ಕೋಡ್’ (ಕೀಬೋರ್ಡಲ್ಲಿ ಯಾವ ಜಾಗದ ಗುಂಡಿ) ಎರಡೂ ಹಿಡ್ಕೊಂಡು ತಾನಾಗೇ ನಿಲ್ಲಲಿ. ನಿಲ್ದೇ ಟ್ಯಾಬ್ ಕೀನೂ ನುಂಗ್ತಾ ಇದ್ರೆ ಮೌಸ್ ಬಳಸದೋರು ಅಲ್ಲೇ ಸಿಕ್ಕಾಕೊಳ್ತಾರೆ, ಇದು ತುಂಬಾ ಮುಖ್ಯ. ಎಸ್ಕೇಪನ್ನ ಪಟ್ಟಿಯಿಂದ ಆರಿಸೋ ಹಾಗೂ ಇಡಿ, ಪಾಪಪ್ಪಲ್ಲಿ (ಎಕ್ಸ್‌ಟೆನ್ಷನ್ ಐಕಾನ್ ಒತ್ತಿದ್ರೆ ತೆರ್ಕೊಳ್ಳೋ ಚಿಕ್ಕ ಕಿಟಕಿ) ಅದನ್ನ ಒತ್ತಿದ್ರೆ ಪಾಪಪ್ಪೇ ಮುಚ್ಚೋಗತ್ತೆ.

ಪಾಪಪ್ಪೇ ಬೇಡ ಅಂತ ನನ್ನ ಅಭಿಪ್ರಾಯ. ಪೇಜ್ ಮೇಲೆ ಕ್ಲಿಕ್ ಮಾಡಿದ ತಕ್ಷಣ ಮಾಯ ಆಗತ್ತೆ, ಫೀಲ್ಡ್ ಆರಿಸ್ಕೊಳ್ಳೋದ್ ಹೇಗೆ? ಕ್ರೋಮ್ 114ರಿಂದ (2023) ಸೈಡ್ ಪ್ಯಾನೆಲ್ ಇದೆ, ಅದು ಪಕ್ಕದಲ್ಲೇ ತೆರ್ಕೊಂಡಿರತ್ತೆ. ಅದ್ರ ತಲೆ ಮೇಲೇ ಯಾವ ಫೀಲ್ಡಿಗೆ ಹೋಗತ್ತೆ ಅಂತ ತೋರಿಸಿ: ‘ತಾಲ್ಲೂಕು: ಸಕಲೇಶಪುರ’ ಅಂತ ಈಗಿರೋ ವ್ಯಾಲ್ಯೂ ಸಮೇತ. ಪಾಸ್‌ವರ್ಡ್ ಫೀಲ್ಡಾದ್ರೆ ವ್ಯಾಲ್ಯೂ ತೋರಿಸ್ಲೇಬಾರ್ದು.

ನಿಜವಾದ ಕೀ ಥರಾನೇ ಬೇಕು ಅಂದ್ರೆ ಕ್ರೋಮಲ್ಲಿ ಡಿಬಗ್ಗರ್ ಎಪಿಐ (ಎಕ್ಸ್‌ಟೆನ್ಷನ್ ಕೈಲಿ ಬ್ರೌಸರನ್ನ ಒಳಗಿಂದ ನಡೆಸೋಕೆ ಕೊಟ್ಟಿರೋ ದಾರಿ) ಇದೆ, ಆದ್ರೆ ಅದಕ್ಕೆ ಕೊಡೋ ಪರ್ಮಿಷನ್ ದೊಡ್ಡದು, ಶುರು ಮಾಡಿದ್ರೆ ಬ್ರೌಸರ್ ಮೇಲ್ಗಡೆ ಎಚ್ಚರಿಕೆ ಪಟ್ಟಿ ಬರತ್ತೆ, ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್‌ಗಳಿಗೆ ಈ ಎಪಿಐ ಇಲ್ಲ. ಇದನ್ನ ಬೇರೆ ಸ್ವಿಚ್ಚಾಗಿ ಇಟ್ಟು ಮೊದ್ಲಿಂದ ಆಫ್ ಮಾಡಿರಿ, ಆನ್ ಮಾಡೋಕೆ ಮುಂಚೆ ಆ ಪಟ್ಟಿ ಯಾಕ್ ಬರತ್ತೆ ಅಂತ ಕನ್ನಡದಲ್ಲೇ ಎರಡು ಸಾಲು ಬರೀರಿ.