ಮುಂಗಾರಿಗೊಂದು ಕಪ್ಪೆ, ಹಿಂಗಾರಿಗೊಂದು ಕಪ್ಪೆ

ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆ ಸಿಕ್ಕಿತೆಂಬ ಸುದ್ದಿ ಈಗ ಹಳತಾಗಿದೆ. 2011ರಲ್ಲಿ ಒಂದೇ ಸಂಶೋಧನಾ ಪ್ರಬಂಧದಲ್ಲಿ 12 ಹೊಸ ಪ್ರಭೇದದ ಇರುಳು ಕಪ್ಪೆಗಳು ಬಂದವು. 2014ರಲ್ಲಿ 14 ಕುಣಿಯುವ ಕಪ್ಪೆಗಳು, 2017ರಲ್ಲಿ ಮತ್ತೆ 7 ಇರುಳು ಕಪ್ಪೆಗಳು; ಆ ಏಳರಲ್ಲಿ ಕೆಲವು ಹೆಬ್ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು. ಇವೆಲ್ಲ ಈಚೆಗೆ ಹುಟ್ಟಿದವೇ ಎಂದು ಕೆಲವರು ಕೇಳುತ್ತಾರೆ. ಇದ್ದ ಒಂದೇ ಕಪ್ಪೆಗೆ ಹತ್ತು ಹೆಸರಿಡುತ್ತಿದ್ದಾರೆ ಎಂಬ ಗುಮಾನಿ ಇನ್ನು ಕೆಲವರದು. ಎರಡೂ ಸರಿಯಲ್ಲ. ಕಪ್ಪೆಗಳು ಬಹಳ ಹಳೆಯವು, ನಮ್ಮ ಕಣ್ಣು ಮಾತ್ರ ಈಗ ತೆರೆದಿದೆ.

ಹೊಸ ಪ್ರಭೇದ ಹುಟ್ಟುವುದು ಹೇಗೆ ಎಂಬುದರ ಮೂಲ ವಿಚಾರ 1858ರಷ್ಟು ಹಿಂದಿನದು. ಆ ವರ್ಷ ಡಾರ್ವಿನ್ ಮತ್ತು ವ್ಯಾಲೇಸ್ ಇಬ್ಬರ ಬರಹಗಳನ್ನೂ ಲಂಡನ್ನಿನಲ್ಲಿ ಒಟ್ಟಿಗೆ ಓದಲಾಯಿತು. ಹುಟ್ಟಿದ ಮರಿಗಳೆಲ್ಲ ಬದುಕುವುದಿಲ್ಲ. ಇದ್ದ ಜಾಗಕ್ಕೆ ಒಗ್ಗುವ ಗುಣವಿದ್ದವು ಹೆಚ್ಚಾಗಿ ಉಳಿದು ಆ ಗುಣವನ್ನು ಮುಂದಿನ ಪೀಳಿಗೆಗೆ ದಾಟಿಸುತ್ತವೆ. ನೈಸರ್ಗಿಕ ಆಯ್ಕೆ ಎಂದರೆ ಇಷ್ಟೇ. ಆದರೆ ಒಂದು ಪ್ರಭೇದ ಎರಡಾಗಲು ಇದೊಂದೇ ಸಾಲದು. ಎರಡು ಗುಂಪುಗಳು ಪ್ರತಿ ಮಳೆಗಾಲವೂ ಕೂಡುತ್ತಿದ್ದರೆ, ಒಂದರಲ್ಲಿ ಮೂಡಿದ ವ್ಯತ್ಯಾಸ ಇನ್ನೊಂದರಲ್ಲಿ ಕರಗಿಹೋಗುತ್ತದೆ. ನಡುವೆ ಅಡ್ಡಿಯೊಂದು ಬೇಕು. ಸಮುದ್ರವೋ, ನದಿಯೋ, ಬಿಸಿಲು ಕಾಯುವ ಬಯಲೋ ಆಗಬಹುದು. ಈ ಮಾತನ್ನು 1942ರಲ್ಲಿ ಗಟ್ಟಿಯಾಗಿ ನಿಲ್ಲಿಸಿದವರು ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್. ಆಯ್ಕೆ ಕಣ್ಣೆದುರೇ ನಡೆಯುವುದನ್ನು ಗ್ಯಾಲಪಗೋಸ್ ದ್ವೀಪದಲ್ಲಿ ಅಳೆದು ತೋರಿಸಿದವರು ಜೀವವಿಜ್ಞಾನಿಗಳಾದ ಗ್ರ್ಯಾಂಟ್ ದಂಪತಿ. 1977ರ ಬರದಲ್ಲಿ ಅಲ್ಲಿ ಗಟ್ಟಿ ಬೀಜ ಒಡೆಯಬಲ್ಲ ದಪ್ಪ ಕೊಕ್ಕಿನ ಫಿಂಚ್ ಹಕ್ಕಿಗಳೇ ಹೆಚ್ಚಾಗಿ ಉಳಿದವು.

ದ್ವೀಪ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ತಾಪಿ ನದಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್ ಹಬ್ಬಿದ ನಮ್ಮ ಘಟ್ಟಸಾಲು ದೂರದಿಂದ ಒಂದೇ ಗೋಡೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಅಲ್ಲಲ್ಲಿ ಕಡಿದಿದೆ. ನೀಲಗಿರಿಯ ದಕ್ಷಿಣಕ್ಕಿರುವ ಪಾಲಕ್ಕಾಡ್ ಕಂಡಿ ಮೂವತ್ತು ಕಿಲೋಮೀಟರಿಗೂ ಅಗಲ. ಎತ್ತರದ ಬೆಟ್ಟಗಳ ತಂಪು ಶೋಲಾ ಕಾಡು ಬಿಟ್ಟು ಇಳಿಯದ ಪುಟ್ಟ ಹಕ್ಕಿಗೆ ಆ ಬಿಸಿ ಬಯಲು ಸಮುದ್ರವಿದ್ದಂತೆ. ಶೋಲಾ ಹಕ್ಕಿಯೊಂದರ ಡಿಎನ್‌ಎ ಹೋಲಿಸಿದ ವಿ.ವಿ. ರಾಬಿನ್ ಮತ್ತು ಸಂಗಡಿಗರಿಗೆ 2010ರಲ್ಲಿ ಕಂಡದ್ದೂ ಅದೇ: ಕಂಡಿಯ ಆಚೆ ಈಚೆಯ ಹಕ್ಕಿಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಕಳೆದಿದೆ. ಇನ್ನು ತೇವ ಆರಿದರೆ ಬದುಕದ, ರೆಕ್ಕೆಯಿಲ್ಲದ ಕಪ್ಪೆಯ ಪಾಡನ್ನು ಊಹಿಸಿಕೊಳ್ಳಬಹುದು.

ಕಪ್ಪೆಗಳ ಕಥೆ ಗೋಜಲಾದದ್ದಕ್ಕೆ ಇನ್ನೊಂದು ಕಾರಣವೂ ಇದೆ, ಅದು ನೋವಿನದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ, 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಆಗಿದ್ದ ಸಿ.ಆರ್. ನಾರಾಯಣ ರಾವ್ 1920 ಮತ್ತು 1937ರಲ್ಲಿ ಘಟ್ಟದ ಅನೇಕ ಕಪ್ಪೆಗಳನ್ನು ಮೊದಲ ಬಾರಿಗೆ ವಿವರಿಸಿದರು. 1937ರಲ್ಲಿ ಅವರು ವಿವರಿಸಿದ ಕಪ್ಪೆಗಳ ಮೂಲ ಮಾದರಿಗಳು, ಅಂದರೆ ಹೆಸರಿಗೆ ಆಧಾರವಾಗಿ ಸೀಸೆಯಲ್ಲಿ ಕಾಯ್ದಿಟ್ಟ ಕಪ್ಪೆಗಳು, ಆಮೇಲೆ ಕಾಣೆಯಾದವು. ಹೊಸದಾಗಿ ಸಿಕ್ಕ ಕಪ್ಪೆ ರಾಯರದೇ ಹೌದೋ ಅಲ್ಲವೋ ಎಂದು ಪಕ್ಕದಲ್ಲಿಟ್ಟು ನೋಡಲು ಏನೂ ಉಳಿಯಲಿಲ್ಲ. ಒಂದು ಸೀಸೆ ಕಪ್ಪೆಯನ್ನು ಕಾಪಾಡಿಕೊಳ್ಳದಿದ್ದರೆ ಮುಂದಿನ ತಲೆಮಾರು ಎಷ್ಟು ದುಡಿಯಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೊಡಗಿನ ಜೌಗಿನ ನೆನಪನ್ನು ಹೆಸರಿನಲ್ಲೇ ಹೊತ್ತ, ಅವರು 1920ರಲ್ಲಿ ವಿವರಿಸಿದ ಇರುಳು ಕಪ್ಪೆ ಮತ್ತೆ ಪತ್ತೆಯಾದದ್ದು 91 ವರ್ಷಗಳ ನಂತರ. ಘಟ್ಟದ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ 2010ರಲ್ಲಿ 'ರಾವೊರ್ಕೆಸ್ಟಿಸ್' ಎಂದು ರಾಯರ ಹೆಸರನ್ನೇ ಇಟ್ಟಿದ್ದಾರೆ.

ಈ ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯೊಡೆದು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಹಳ್ಳಕ್ಕೆ ಇಳಿಯುವ ಹಂಗಿಲ್ಲದ್ದರಿಂದ ಎತ್ತರದ ನೆತ್ತಿಗಳಲ್ಲೂ ನೆಲೆಸಿದವು. ಹವೆ ಒಣಗಿದ ಯುಗಗಳಲ್ಲಿ ತೇವದ ಕಾಡು ಕುಗ್ಗಿದಾಗ ಒಂದೊಂದು ಬೆಟ್ಟದವೂ ಒಂದೊಂದು ಕಡೆ ಸಿಕ್ಕಿಕೊಂಡು ಬೇರೆಯಾದವು.

ಆಯ್ಕೆಯ ಕೈಚಳಕ ನೋಡಬೇಕೆಂದರೆ ಉತ್ತರ ಕನ್ನಡದ ಕತ್ತಲೆಕಾನಿಗೆ ಹೋಗಬೇಕು. ರಾಮಪತ್ರೆ ಮರಗಳು ಬೆಳೆಯುವ ಜೌಗಿನ, ಅಂದರೆ ರಾಮಪತ್ರೆ ಜಡ್ಡಿಯ, ಆ ಕಾಡಿನ ಹಳ್ಳದಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಕಂಡ ಇರುಳು ಕಪ್ಪೆಗೆ 2014ರಲ್ಲಿ 'ಕುಂಬಾರ' ಎಂದೇ ಹೆಸರಿಟ್ಟರು. ನೀರಿನ ಮೇಲೆ ಬಾಗಿದ ರೆಂಬೆಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ಅಲ್ಲೇ ಉಳಿಯುತ್ತದೆ. ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಬಾಚಿ, ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಬಗ್ಗುತ್ತದೆ, ಬಾಚುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂಬುದಕ್ಕೇ ಈ ಕೆಲಸವಿರಬೇಕು. ಇರುಳು ಕಪ್ಪೆಗಳ ಕುಲದ ಬೇರಾವ ಕಪ್ಪೆಯಲ್ಲೂ ಇದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಕುಣಿಯುವ ಕಪ್ಪೆಗಳದು ಇನ್ನೊಂದು ದಾರಿ. ತೊರೆಯ ಸದ್ದಿನಲ್ಲಿ ಕೂಗು ಮುಳುಗಿಹೋಗುವಲ್ಲಿ ಗಂಡು ಹಿಂಗಾಲು ಚಾಚಿ, ಬೆರಳು ಬಿಡಿಸಿ ಬೀಸುತ್ತದೆ.

ಬೇರ್ಪಡಿಸುವುದು ಬೆಟ್ಟ ಬಯಲುಗಳೇ ಆಗಬೇಕೆಂದೂ ಇಲ್ಲ, ಮರಿ ಮಾಡುವ ಕಾಲವೂ ಆದೀತು. ಸೇಶೆಲ್ಸ್ ದ್ವೀಪಗಳಲ್ಲಷ್ಟೇ ಹತ್ತಿರದ ಬಂಧುಗಳಿರುವ ನೇರಳೆ ಕಪ್ಪೆಯನ್ನು 2003ರಲ್ಲಿ ವಿಜ್ಞಾನಿಗಳಾದ ಬಿಜು ಮತ್ತು ಬೊಸ್ಸುಯ್ಟ್ ಜಗತ್ತಿಗೆ ಪರಿಚಯಿಸಿದರು. ವರ್ಷದ ಹೆಚ್ಚು ಕಾಲ ನೆಲದೊಳಗೇ ಇರುವ ಅದು ಮುಂಗಾರು ಕಾಲಿಡುವ ಹೊತ್ತಿಗೆ ಸಂತಾನಕ್ಕಾಗಿ ಹೊರಬರುತ್ತದೆ. 2017ರಲ್ಲಿ ತಮಿಳುನಾಡಿನ ಕಡೆಯ ಇಳಿಜಾರಿನಲ್ಲಿ ಅದರ ಸೋದರ ಪ್ರಭೇದ ಸಿಕ್ಕಿತು. ಬೆಟ್ಟಸಾಲು ಒಂದೇ, ಮಗ್ಗುಲು ಬೇರೆ. ಆ ಮಗ್ಗುಲಿಗೆ ಮಳೆ ತರುವುದು ಹಿಂಗಾರು, ಕಪ್ಪೆ ಮರಿ ಮಾಡುವುದೂ ಹಿಂಗಾರಿನಲ್ಲೇ.

ಈಗ ಘಟ್ಟ ಬೇರೆ ರೀತಿಯಲ್ಲಿ ತುಂಡಾಗುತ್ತಿದೆ. ರಸ್ತೆ ಅಗಲವಾಗುತ್ತದೆ, ಅಣೆಕಟ್ಟಿನ ಹಿನ್ನೀರು ಕಣಿವೆ ತುಂಬುತ್ತದೆ, ಕಾಡಿನ ನಡುವೆ ತೋಟ ಏಳುತ್ತದೆ. ಪ್ರತಿಯೊಂದಕ್ಕೂ ಅದರದೇ ಅಗತ್ಯವಿದೆ, ಪ್ರತಿಯೊಂದಕ್ಕೂ ಮಂಜೂರಾತಿಯೂ ಇದೆ. ಇದೂ ಪ್ರತ್ಯೇಕತೆಯೇ ಅಲ್ಲವೇ, ಇದರಿಂದಲೂ ಹೊಸ ಪ್ರಭೇದ ಹುಟ್ಟಬಾರದೇಕೆ ಎಂಬ ಪ್ರಶ್ನೆ ಕೇಳಿಬರುತ್ತದೆ. ಪಾಲಕ್ಕಾಡ್ ಕಂಡಿಯ ಎರಡೂ ಕಡೆ ಆಯ್ಕೆಗೆ ಒದಗಿಬರುವಷ್ಟು ದೊಡ್ಡ ಬಳಗಗಳಿದ್ದವು, ಲಕ್ಷಗಟ್ಟಲೆ ಪೀಳಿಗೆಗಳ ಸಮಯವಿತ್ತು. ಈಗಿನ ತುಂಡುಗಳಲ್ಲಿ ಎರಡೂ ಇಲ್ಲ. ಒಂದು ಹಳ್ಳದಲ್ಲಿ ಉಳಿದ ನಾಲ್ಕಾರು ಡಜನ್ ಕಪ್ಪೆಗಳು ತಮ್ಮೊಳಗೇ ಕೂಡುತ್ತ ದುರ್ಬಲವಾಗುತ್ತವೆ. ಒಂದು ಬೇಸಿಗೆ ಹಳ್ಳ ಬತ್ತಿದರೆ ಅಲ್ಲಿಗೆ ಮತ್ತೆ ಬಂದು ಸೇರಲು ನೆರೆಯ ಹಳ್ಳದಲ್ಲಿ ಕಪ್ಪೆಗಳಿರುವುದಿಲ್ಲ.