ಬಲೂನು ಕೇಳಿದ ಗುಮ್ಮಟ

ಇಸ್ತಾನ್‌ಬುಲ್‌ನ ಹಾಗಿಯಾ ಸೋಫಿಯಾದೊಳಗೆ ಹುಟ್ಟಿದ ಸದ್ದು ಪೂರ್ತಿ ಅಡಗಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕಿತ್ತು. ನಮ್ಮ ಗೋಲ ಗುಮ್ಮಟದಲ್ಲಿ ಎಣಿಸುವಂಥ ಪ್ರತಿಧ್ವನಿಯಲ್ಲ ಇದು. ಒಂದರ ಮೇಲೊಂದು ಬಿದ್ದು ಬಿಡಿಸಲಾಗದಂತೆ ಬೆರೆತ ಅನುರಣನ. 537ರಲ್ಲಿ ಚರ್ಚಾಗಿ ಕಟ್ಟಿ ಮುಗಿಸಿದ ಈ ಕಟ್ಟಡದ ಒಳಗಾತ್ರ ಸುಮಾರು ಎರಡೂವರೆ ಲಕ್ಷ ಘನ ಮೀಟರ್. ನೆಲಕ್ಕೂ ಗೋಡೆಗೂ ಅಮೃತಶಿಲೆ. 2020ರಲ್ಲಿ ನೆಲಕ್ಕೆ ರತ್ನಗಂಬಳಿ ಹಾಸುವವರೆಗೆ ಸದ್ದು ಹೀರುವಂಥದ್ದು ಕಡಿಮೆಯಿತ್ತು.

ಅಲ್ಲಿ ಹಾಡುತ್ತಿದ್ದ ಮಧ್ಯಯುಗದ ಬೈಜಾಂಟಿಯನ್ (ಪೂರ್ವ ರೋಮನ್ ಸಾಮ್ರಾಜ್ಯದ) ಸ್ತೋತ್ರಗಳು ಎರಡು ಸೆಕೆಂಡು ಅನುರಣನದ ಇಂದಿನ ಸಭಾಂಗಣದಲ್ಲಿ ಬೋಳುಬೋಳಾಗಿ ಕೇಳುತ್ತವೆ. ಲೆಕ್ಕ ನೋಡಿ: ಅನುರಣನ ಕಾಲವೆಂದರೆ ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತು. ಅದು ಹತ್ತು ಸೆಕೆಂಡಾದರೆ ಸೆಕೆಂಡಿಗೆ ಇಳಿಯುವುದು ಆರೇ ಡೆಸಿಬೆಲ್. ಬಿಟ್ಟ ಸ್ವರ ಹೊಸ ಸ್ವರದ ಮಗ್ಗುಲಲ್ಲೇ ನಿಂತಿರುತ್ತದೆ. ಅವಸರದಿಂದ ಹಾಡಿದರೆ ಕಲಸುಮೇಲೋಗರ. ಗುಂಪಿನ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಗುಮ್ಮಟದಲ್ಲುಳಿದ ತಮ್ಮದೇ ಹಳೆಯ ದನಿಯೊಂದಿಗೆ ತಿಕ್ಕಾಟ.

ಅಲ್ಲಿಗೇ ಹೋಗಿ ಹಾಡೋಣವೆಂದರೆ, ಮ್ಯೂಸಿಯಂ ಆಗಿದ್ದಾಗಲೂ ಗಾಯನಕ್ಕೆ ಅವಕಾಶವಿರಲಿಲ್ಲ. 2020ರಿಂದ ಅದು ಮತ್ತೆ ಮಸೀದಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ್ತಿ ಬಿಸ್ಸೆರಾ ಪೆಂಚೆವಾ ಮತ್ತು ಧ್ವನಿತಜ್ಞ ಜೊನಾಥನ್ ಏಬೆಲ್ ಬೇರೆ ದಾರಿ ಹಿಡಿದರು. 2010ರಲ್ಲಿ ಒಳಗೆ ಬಲೂನು ಒಡೆದು ಆ ಸದ್ದನ್ನು ಮುದ್ರಿಸಿಕೊಳ್ಳಲಾಯಿತು. 'ಟಪ್' ಎಂಬುದು ಕ್ಷಣಮಾತ್ರದ್ದು. ಅದರ ಹಿಂದೆ ಬರುವ ಉದ್ದನೆಯ ಬಾಲವೆಲ್ಲ ಕಟ್ಟಡದ್ದು. ಬಲೂನಿನ ಸದ್ದಿಗೂ ತನ್ನದೇ ಗುಣವಿದೆ, ಅದನ್ನು ಲೆಕ್ಕದಲ್ಲಿ ಕಳೆಯಬೇಕು. ಆಮೇಲೆ ಹಾಡಿನ ಪ್ರತಿ ಕ್ಷಣಕ್ಕೂ, ಅದರ ಗಟ್ಟಿತನಕ್ಕೆ ತಕ್ಕಷ್ಟು ಹಿಗ್ಗಿಸಿಯೋ ಕುಗ್ಗಿಸಿಯೋ, ಆ ಬಾಲದ ಒಂದು ಪ್ರತಿ ಅಂಟಿಸಿ ಎಲ್ಲವನ್ನೂ ಕೂಡಿಸಿದರಾಯಿತು. ಗಣಿತದವರು ಇದನ್ನು ಕಾನ್‌ವಲ್ಯೂಷನ್ ಎನ್ನುತ್ತಾರೆ.

ಕಂಪ್ಯೂಟರಿಗೆ ಇದು ಸುಲಭ, ವೇದಿಕೆಯಲ್ಲಿ ಕಷ್ಟ. ಮೈಕು ಒಬ್ಬೊಬ್ಬರ ಬಾಯಿಗೂ ಹತ್ತಿರವಿರಬೇಕು. ದೂರ ಸರಿದರೆ ಸಭಾಂಗಣದ ಅನುರಣನವೂ ಒಳಹೊಕ್ಕು ಕಟ್ಟಡದೊಳಗೊಂದು ಕಟ್ಟಡ ಕೇಳಿಸುತ್ತದೆ. ಸುತ್ತಲಿನ ಸ್ಪೀಕರಿನ ಸದ್ದು ಮೈಕಿಗೆ ಮರಳಿದರೆ ಕುಂಯ್ ಎಂಬ ಕಿರುಚಾಟ. ಬೈಜಾಂಟಿಯನ್ ಸ್ತೋತ್ರ ಹಾಡುವ ಕಪೆಲ್ಲಾ ರೊಮಾನಾ ಎಂಬ ಗಾಯನ ತಂಡ 2013ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಿಂಗ್ ಸಭಾಂಗಣದಲ್ಲಿ ಹಾಡಿದ್ದು ಹೀಗೆಯೇ. ಹಾಡಿ ಮುಗಿಸಿದ ಮೇಲೆ ಸ್ಟುಡಿಯೋದಲ್ಲಿ ಅನುರಣನ ಬಳಿಯುವುದಕ್ಕೂ ಇದಕ್ಕೂ ಅಜಗಜಾಂತರ: ಹಾಡುತ್ತಿರುವಾಗಲೇ ಗುಮ್ಮಟ ಕಿವಿಗೆ ಬಿದ್ದರಷ್ಟೇ ಗಾಯಕರು ನಡೆ ತಗ್ಗಿಸುತ್ತಾರೆ, ಸಾಲು ಮುಗಿದಾಗ ಬಾಲ ಕರಗುವವರೆಗೆ ಕಾಯುತ್ತಾರೆ.

ಅನುಮಾನಗಳು ಉಳಿದೇ ಇವೆ. ಇಂದು ಕೆಲವರು ತಂಬೂರಿಯ ಹಾಗೆ ಹಿಡಿದು ನಿಲ್ಲಿಸುವ 'ಈಸೊನ್' ಎಂಬ ಆಧಾರಸ್ವರದ ಗುರುತು ಮಧ್ಯಯುಗದ ಹಸ್ತಪ್ರತಿಗಳಲ್ಲಿಲ್ಲ. ಬೇಕೋ ಬೇಡವೋ ಎಂಬುದು ತಂಡದ ಆಯ್ಕೆ. ಇನ್ನೊಂದು ಮಾತು: ಬಲೂನು ಒಡೆದದ್ದು ಜನರಿಲ್ಲದ ಒಳಾಂಗಣದಲ್ಲಿ. ಸಾವಿರ ಭಕ್ತರು ನಿಂತು, ತಲಾ ಅರ್ಧ ಚದರ ಮೀಟರಿನಷ್ಟು ಸದ್ದು ಹೀರಿದರೆ, ಅನುರಣನ ಕಾಲ ಲೆಕ್ಕ ಹಾಕುವ ಸೇಬಿನ್ ಸೂತ್ರದಂತೆ ಹತ್ತು ಸೆಕೆಂಡು ಸುಮಾರು ಒಂಬತ್ತಕ್ಕೆ ಇಳಿಯುತ್ತದೆ. ಹಬ್ಬದ ದಿನ ಕಿಕ್ಕಿರಿದ ಜನ ಕೇಳುತ್ತಿದ್ದ ಗುಮ್ಮಟ ಇನ್ನೂ ಗಿಡ್ಡ.